ಎಳೆಯ ವೈದ್ಯರ ಸೇವಾಬುದ್ಧಿ

ನಮ್ಮ ಎಳೆಯ ವೈದ್ಯರಲ್ಲಿ ಸೇವಾಬುದ್ಧಿಯು ಕುಗ್ಗುತ್ತಿರುವುದೆಂದು ಹಿರಿಯರನೇಕರು ವ್ಯಸನಪಡುತ್ತಿರುವರು. ವ್ಯಸನವು ಯುಕ್ತವೇ ಸರಿ. ಆದರೆ ಕಾಲದೋಷ, ಧನಲೋಭ ಎಂದು ಅವರು ಹೇಳುವ ಕಾರಣಗಳನ್ನು ನಾವು ಒಪ್ಪಲಾರೆವು. ಅಮೆರಿಕದ ಫಿಲಡೆಲ್ಫಿಯಾ ನಗರದ ಜೆಫರ್ಸನ್ ವೈದ್ಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಅನುಕಂಪವನ್ನು ವರ್ಷವರ್ಷವೂ ಅಳೆದು, ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಮೊದಲೆರಡು ವರ್ಷ ಕುಂದದಿದ್ದ ಅನುಕಂಪವು ಮೂರನೆಯ ವರ್ಷದಲ್ಲಿ, ಎಂದರೆ ರೋಗಿಯ ಹಾಸಿಗೆಯ ಬಳಿಗೆ ಹೋದ ವರ್ಷದಲ್ಲಿಯೇ, ಇಳಿಯಿತು! ಪುಸ್ತಕದಿಂದ ಕೆಡದ ಮನಸ್ಸು ವಾರ್ಡಿನಲ್ಲಿ ಕೆಡುವುದಾದರೆ ದೋಷವನ್ನು ಎಲ್ಲಿ ಹುಡುಕಬೇಕು?

ನಮ್ಮ ದೇಶದ ವಾರ್ಡುಗಳನ್ನೇ ನೋಡೋಣ. ಕಿರಿಯ ರೆಸಿಡೆಂಟ್ ವೈದ್ಯರನ್ನು ಸಾಮಾನ್ಯವಾಗಿ ಎಡೆಬಿಡದೆ 12 ಗಂಟೆಗೂ, ವಾರಕ್ಕೆ 48 ಗಂಟೆಗೂ ಮೀರಿ ದುಡಿಸಬಾರದೆಂದು ಕೇಂದ್ರ ಸರಕಾರವು 1992ರಲ್ಲಿಯೇ ವಿಧಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿಯಲ್ಲಾದರೋ ಅಂಕೆಯೇ ಇಲ್ಲ. ‘ಯುಕ್ತವಾದ’ ಕೆಲಸದ ವೇಳೆ ಎಂದಷ್ಟೇ ಇದೆ. ಯುಕ್ತಾಯುಕ್ತವನ್ನು ನಿರ್ಣಯಿಸುವವರು ದುಡಿಸಿಕೊಳ್ಳುವವರೇ! 2024ರಲ್ಲಿ ಆಯೋಗದ ಕಾರ್ಯಪಡೆಯು ಸುಧಾರಣೆಯೆಂದು ಸೂಚಿಸಿದ ಮಿತಿ 74 ಗಂಟೆ. ಹಳೆಯ ವಿಧಿಗಿಂತ 26 ಗಂಟೆ ಅಧಿಕ.

ಎರಡು ರಾತ್ರಿ ನಿದ್ದೆಗೆಟ್ಟವನಿಗೆ ನರಳುವ ರೋಗಿಯು ಮನುಷ್ಯನಾಗಿ ಕಾಣದೆ ಹಾಸಿಗೆಯ ಸಂಖ್ಯೆಯಾಗಿ ಕಂಡರೆ ಆಶ್ಚರ್ಯವೇನು? ವಿದ್ಯಾರ್ಥಿಗಳು ಚರಕನ ಹೆಸರಿನ ಶಪಥ ಮಾಡಬೇಕೋ ಹಿಪೊಕ್ರಟೀಸನದೋ ಎಂದು 2022ರಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಆ ಉತ್ಸಾಹದ ಕಾಲುಪಾಲು ಪಾಳಿಯ ಪಟ್ಟಿಯತ್ತ ಹರಿದಿದ್ದರೆ! ನಮ್ಮ ಸರಕಾರದವರು ತಮ್ಮ ಅಧೀನದ ಕಾಲೇಜುಗಳಿಂದ ಆ ಪಟ್ಟಿಗಳನ್ನು ತಿಂಗಳು ತಿಂಗಳೂ ತರಿಸಿ, 1992ರ ವಿಧಿಯೊಡನೆ ತಾಳೆ ನೋಡಿ, ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಲಿ.