ದೂರ ಅಳೆಯಲು ಗೋಡೆಯ ಭೂಪಟ ಸಾಲದು

ಭೂಪಟದಲ್ಲಿ ದೂರ ಅಳೆಯುವ ಪಾಠ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಅಚ್ಚುಮೆಚ್ಚು. ಸ್ಕೇಲು ಇಟ್ಟು ಅಳೆದು ಪ್ರಮಾಣದಿಂದ ಗುಣಿಸಿದರೆ ಉತ್ತರ ಸಿದ್ಧ, ಮೌಲ್ಯಮಾಪನವೂ ಸುಲಭ. ಮರವಂತೆಯಿಂದ ಕುಂದಾಪುರಕ್ಕೆ ಈ ಕ್ರಮ ಸರಿಯೇ. ಆದರೆ ಪ್ರಪಂಚ ಭೂಪಟದ ಮೇಲೆ ಇದೇ ಕ್ರಮ ಅನುಸರಿಸಿದರೆ ಮಕ್ಕಳಿಗೆ ತಪ್ಪನ್ನೇ ಕಲಿಸಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮರವಂತೆ ಭಾಗದ ಶಾಲೆಯೊಂದರಲ್ಲಿ ನಾನು ಅವಲೋಕಿಸಿದ ಪಾಠಕ್ಕೆ ಪ್ರಶಿಕ್ಷಣಾರ್ಥಿ ಮಂಗಳೂರು–ದುಬೈ ವಿಮಾನ ಮಾರ್ಗವನ್ನು ಆರಿಸಿದ್ದರು. ಗಲ್ಫಿನಲ್ಲಿ ನೆಂಟರಿಷ್ಟರು ಇರುವ ಮಕ್ಕಳಿಗೆ ಇದು ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಸಾಗುವ ಒಳ್ಳೆಯ ಆರಂಭ. ಆದರೆ ಅಲ್ಲಿಗೇ ನಿಂತರೆ ದೋಷ ಕಣ್ಣಿಗೆ ಬೀಳುವುದಿಲ್ಲ. ನಿಜವಾದ ದೂರ ಸುಮಾರು 2,460 ಕಿ.ಮೀ. ಅಕ್ಷಾಂಶ, ರೇಖಾಂಶಗಳು ಸಮ ಚೌಕಗಳಾಗಿರುವ ಭೂಪಟದಲ್ಲಿ ಅಳೆದರೆ ಸುಮಾರು 2,565. ನೂರು ಕಿ.ಮೀ. ವ್ಯತ್ಯಾಸವನ್ನು ಸ್ಕೇಲು ಜಾರಿತೆಂದು ಬಿಟ್ಟುಬಿಡುತ್ತೇವೆ.

ಆದ್ದರಿಂದ ಮುಂದಿನ ಉದಾಹರಣೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಆಗಲಿ. ಅದೇ ಭೂಪಟದಲ್ಲಿ ಗೆರೆ ಆಫ್ರಿಕಾ, ಅಟ್ಲಾಂಟಿಕ್, ಅಮೆರಿಕಗಳನ್ನು ದಾಟುತ್ತದೆ. ಸಮಭಾಜಕದ ಪ್ರಮಾಣದಿಂದ ಗುಣಿಸಿದರೆ 22,000 ಕಿ.ಮೀ.ಗೂ ಹೆಚ್ಚು ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂದ ಮೇಲೆ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರದು. ಈ ಉತ್ತರ ಅಸಾಧ್ಯವೆಂದು ಮಕ್ಕಳೇ ಹೇಳಬಲ್ಲರು.

ಈಗ ಗ್ಲೋಬ್ ತೆಗೆಯಬೇಕು. 30 ಸೆಂ.ಮೀ. ವ್ಯಾಸದ ಗ್ಲೋಬಿನ ಸಮಭಾಜಕಕ್ಕೆ ದಾರ ಸುತ್ತಿದರೆ ಸುಮಾರು 94 ಸೆಂ.ಮೀ. ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ 33 ಸೆಂ.ಮೀ. 33ನ್ನು 94ರಿಂದ ಭಾಗಿಸಿ 40,000ದಿಂದ ಗುಣಿಸಿದರೆ ಸುಮಾರು 14,000 ಕಿ.ಮೀ. ದಾರ ಪಶ್ಚಿಮಕ್ಕೆ ಹೋಗದೆ ಉತ್ತರಕ್ಕೆ ಏರಿ, ಸೈಬೀರಿಯಾ, ಅಲಾಸ್ಕಾಗಳ ಮೂಲಕ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ಏಕೆ ಬಂದರೆಂಬುದು ಆಗ ಅರ್ಥವಾಗುತ್ತದೆ. ಗಾಳಿ, ವಾಯುಪ್ರದೇಶದ ನಿರ್ಬಂಧಗಳಿಂದ ವಿಮಾನದ ದಾರಿ ದಿನದಿನಕ್ಕೆ ಬದಲಾಗಬಹುದು. ದಾರ ತೋರಿಸುವುದು ಕನಿಷ್ಠ ದೂರವನ್ನು.

ಮೊಬೈಲಿನಲ್ಲಿ ಕ್ಷಣದಲ್ಲಿ ಉತ್ತರ ಸಿಗುವಾಗ ಇದೆಲ್ಲ ಏಕೆ ಎಂದು ಕೆಲವರು ಕೇಳುತ್ತಾರೆ. ಮೊಬೈಲು ಸಂಖ್ಯೆಯನ್ನು ಕೊಡುತ್ತದೆ, ಕಾರಣವನ್ನಲ್ಲ. ದಡಕ್ಕೆ ಮರಳುವ ದೋಣಿಯ ಮೇಲ್ತುದಿ ಮೊದಲು ಕಾಣುವುದನ್ನು ನೋಡಿ ಬೆಳೆದ ಕಡಲತಡಿಯ ಮಕ್ಕಳಿಗೆ ಭೂಮಿ ದುಂಡಗಿದೆ ಎಂಬುದು ಹೊಸತಲ್ಲ. ಆ ಅರಿವನ್ನು ಗೋಡೆಯ ಭೂಪಟ ಅಳಿಸಬಾರದು.

ಶಾಲೆಗೆ ಒಂದೇ ಗ್ಲೋಬ್ ಇದ್ದರೂ ಗುಂಪುಗಳಲ್ಲಿ ಸರದಿಯಂತೆ ಅಳೆಯಬಹುದು. ನಮ್ಮ ಅವಲೋಕನ ಪತ್ರಿಕೆಯಲ್ಲಿ ಚಾರ್ಟಿನ ಅಂದಕ್ಕೆ ಅಂಕವಿದೆ. 'ಆರಿಸಿದ ಉದಾಹರಣೆ ವಿಧಾನದ ಮಿತಿಯನ್ನು ಮಕ್ಕಳಿಗೆ ತೋರಿಸಿತೇ?' ಎಂಬ ಪ್ರಶ್ನೆಗೂ ಅಂಕ ಮೀಸಲಿಡೋಣ.