ಗ್ಯಾರೇಜಿನ ಪಾಠಕ್ಕೂ ಒಂದು ಪಾಠಯೋಜನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಬೋಧನಾಭ್ಯಾಸದ ಪಾಠಗಳನ್ನು ನಾನು ವೀಕ್ಷಿಸುತ್ತೇನೆ. ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದಿದೆ: "ಓದದಿದ್ದರೆ ಗ್ಯಾರೇಜು ಸೇರ್ತೀಯ." ಹೇಳುವವರಿಗೆ ಅದು ಎಚ್ಚರಿಕೆ. ಅಪ್ಪನೋ ಅಣ್ಣನೋ ಗ್ಯಾರೇಜಿನಲ್ಲಿ ದುಡಿಯುವ ಮಗುವಿಗೆ ಅವಮಾನ. ಈ ಮಾತು ತರಗತಿಯಿಂದ ಹೋಗಬೇಕು. ಅದಕ್ಕೆ ಉಪದೇಶ ಸಾಲದು, ಒಂದು ಒಳ್ಳೆಯ ಪಾಠ ಬೇಕು. ಹಳೆಯ ವ್ಯಾನಿನ ಇಗ್ನಿಷನ್ ಟೈಮಿಂಗ್ ಅಂಥ ಪಾಠಕ್ಕೆ ತಕ್ಕ ವಿಷಯ ಎಂಬುದು ನನ್ನ ಅಭಿಪ್ರಾಯ.

1984ರಲ್ಲಿ ಬಂದ ಮಾರುತಿ ವ್ಯಾನ್ ಮುಂದೆ ಓಮ್ನಿ ಎಂಬ ಹೆಸರಿನಲ್ಲಿ 2019ರವರೆಗೂ ತಯಾರಾಯಿತು. 796 ಸಿಸಿ ಎಂಜಿನ್, ಮೂರು ಸಿಲಿಂಡರ್. ಹಳೆಯ ಮಾದರಿಗಳ ಡಿಸ್ಟ್ರಿಬ್ಯೂಟರ್ ಒಳಗೆ ಕಾಂಟ್ಯಾಕ್ಟ್ ಪಾಯಿಂಟ್‌ಗಳಿವೆ. ಕಿಡಿ ಹಾರುವುದು ಪಾಯಿಂಟ್ ಕೂಡಿದಾಗಲೋ, ಬಿಟ್ಟಾಗಲೋ? ಮಕ್ಕಳನ್ನು ಕೇಳಿ ನೋಡಿ. "ಕೂಡಿದಾಗ" ಎಂದೇ ಹೆಚ್ಚಿನವರು ಹೇಳುವರು. ನಿಜದಲ್ಲಿ ಪಾಯಿಂಟ್ ಬಿಟ್ಟ ಕ್ಷಣ ಕಾಯಿಲಿನ ಕಾಂತಕ್ಷೇತ್ರ ಕುಸಿಯುತ್ತದೆ. ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ ಪ್ರೇರಣೆ ಇದೇ.

ಇನ್ನು ಲೆಕ್ಕ. ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು, ಏಕೆಂದರೆ ಪೆಟ್ರೋಲ್ ಉರಿಯಲು ಸಮಯ ಬೇಕು. ನಿಮಿಷಕ್ಕೆ 1000 ಸುತ್ತು ಎಂದರೆ ಸೆಕೆಂಡಿಗೆ 6000 ಡಿಗ್ರಿ. 10 ಡಿಗ್ರಿ ಮುಂಚೆ ಎಂದರೆ ಸೆಕೆಂಡಿನ 600ನೇ ಒಂದು ಭಾಗ. 3000 ಸುತ್ತಿನಲ್ಲಿ ಅಷ್ಟೇ ಸಮಯಕ್ಕೆ 30 ಡಿಗ್ರಿ ತಿರುಗುತ್ತದೆ. ವೇಗ ಹೆಚ್ಚಿದಂತೆ ಉರಿಯುವಿಕೆಯೂ ಚುರುಕಾಗುವುದರಿಂದ ಪೂರಾ ಮೂರು ಪಟ್ಟು ಬೇಕಿಲ್ಲ. ಆದರೂ ಕಿಡಿ ಇನ್ನಷ್ಟು ಮುಂಚಿತವಾಗಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ತುಂಡುಗಳು ಹೊರಚಾಚಿ ಆ ಕೆಲಸ ಮಾಡುತ್ತವೆ. ಕಿಡಿ ತೀರಾ ಬೇಗವಾದರೆ ಏರಿನಲ್ಲಿ ಎಂಜಿನ್ ಟಕಟಕ ಬಡಿಯುತ್ತದೆ. ತಡವಾದರೆ ಎಳೆತ ಕುಗ್ಗಿ ಪೆಟ್ರೋಲ್ ಪೋಲಾಗುತ್ತದೆ.

ಪಾಠಕ್ಕೆ ಎಂಜಿನ್ ಚಾಲೂ ಮಾಡಬೇಕಿಲ್ಲ, ಮಾಡಲೂಬಾರದು. ಊರಿನ ಮೆಕ್ಯಾನಿಕ್ ಒಬ್ಬರನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಯಿರಿ. ಅವರು ಮೊದಲು ಪಾಯಿಂಟ್ ಅಂತರ ಸರಿಪಡಿಸುತ್ತಾರೆ, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಬಳಿಕ ಒಂದನೇ ಸಿಲಿಂಡರಿನ ಕಂಪ್ರೆಷನ್ ಸ್ಟ್ರೋಕಿನಲ್ಲಿ ಫ್ಲೈವೀಲ್ ಗುರುತನ್ನು ಕೈಪಿಡಿ ಹೇಳಿದ ಡಿಗ್ರಿಗೆ ತಂದು, ಕಾಯಿಲಿನ ಪಾಯಿಂಟ್ ಕಡೆಯ ತುದಿಗೂ ಬಾಡಿಗೂ ನಡುವೆ 12 ವೋಲ್ಟ್ ಬಲ್ಬ್ ಸಿಕ್ಕಿಸುತ್ತಾರೆ. ಕೀ ಆನ್ ಮಾಡಿ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದಾಗ ಪಾಯಿಂಟ್ ಬಿಟ್ಟೊಡನೆ ಬಲ್ಬ್ ಹೊತ್ತುತ್ತದೆ. ಅಲ್ಲೇ ಬೋಲ್ಟ್ ಬಿಗಿ, ಕೀ ಆಫ್. ಪ್ರಶಿಕ್ಷಣಾರ್ಥಿಯ ಕೆಲಸ ಬಲ್ಬ್ ಹೊತ್ತುವ ಮೊದಲಿನದು: "ಯಾವಾಗ ಹೊತ್ತುತ್ತದೆ, ಯಾಕೆ?" ಎಂದು ಕೇಳಿ, ಉತ್ತರಕ್ಕೆ ಕಾಯುವುದು.

ಪಾವಗಡದ ತಿರುಮಣಿಯಲ್ಲೇ ಸೋಲಾರ್ ಪಾರ್ಕ್ ಇರುವಾಗ ಹಳೆಯ ಪೆಟ್ರೋಲ್ ವ್ಯಾನ್ ಏಕೆ ಎನ್ನಬಹುದು. ಈಗಿನ ಎಂಜಿನ್ನುಗಳಲ್ಲಿ ಟೈಮಿಂಗನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಮಗುವಿಗೆ ಕಾಣುವುದು ಮುಚ್ಚಿದ ಡಬ್ಬಿ ಮಾತ್ರ. ಹಳೆಯದರಲ್ಲಿ ಕಾರಣವೂ ಪರಿಣಾಮವೂ ಕಣ್ಣೆದುರೇ ಇವೆ, ಕೈಯಿಂದ ತಿದ್ದಬಹುದು.

ಸಹೋದ್ಯೋಗಿಗಳಲ್ಲಿ ನನ್ನದೊಂದು ಕೋರಿಕೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಚಾರ್ಟಿಗೆ ಅಂಕವಿದೆ, ಸಮಯಕ್ಕೆ ಪಾಠ ಮುಗಿಸಿದ್ದಕ್ಕೆ ಅಂಕವಿದೆ. ಪ್ರಶ್ನೆ ಕೇಳಿ ಸುಮ್ಮನೆ ಕಾದದ್ದಕ್ಕೂ, ಊರಿನ ಕಸುಬಿನವರನ್ನು ತರಗತಿಗೆ ಕರೆತಂದದ್ದಕ್ಕೂ ಅಂಕವಿರಲಿ. ಗ್ಯಾರೇಜಿನ ಮಗು ಆ ದಿನ ಮೊದಲು ಕೈ ಎತ್ತುವ ಸಾಧ್ಯತೆ ಇದೆ. ಆ ಕೈ ಕಾಣಲು ನಾವು ಹಿಂದಿನ ಬೆಂಚಿನತ್ತಲೂ ನೋಡುತ್ತಿರಬೇಕು.