ಪಾಳು ಕಾರ್ಖಾನೆಯ ಚರಿತ್ರೆ

ಅಮೆರಿಕದ ಡೆಟ್ರಾಯಿಟ್ ನಗರದ ಪ್ಯಾಕರ್ಡ್ ಮೋಟಾರು ಕಾರ್ಖಾನೆ ಆರಂಭವಾದದ್ದು 1903ರಲ್ಲಿ. ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ 1905ರಲ್ಲಿ ಅಲ್ಲಿ ಕಟ್ಟಿಸಿದ ಹತ್ತನೆಯ ಕಟ್ಟಡವು, ಉಕ್ಕಿನ ಸರಳು ಹುದುಗಿಸಿದ ಕಾಂಕ್ರೀಟಿನಿಂದ ಮುಂದಿನ ಕಾರ್ಖಾನೆಗಳಿಗೆ ಮಾದರಿಯಾಯಿತು. 1956ರ ಹೊತ್ತಿಗೆ ಅಲ್ಲಿ ಕಾರುಗಳ ತಯಾರಿಕೆ ನಿಂತಿತು. ಅನಂತರ ದಶಕಗಳ ಕಾಲ ಛಾಯಾಗ್ರಾಹಕರು ಆ ಪಾಳಿನೊಳಗೆ ಅಲೆದು ಕುಸಿದ ಚಾವಣಿಯನ್ನೂ ಒಡೆದ ಗಾಜನ್ನೂ ಸೆರೆಹಿಡಿದರು. ಚಿತ್ರಗಳೇನೋ ಮನೋಹರ. 1943ರ ಜೂನ್‌ನಲ್ಲಿ ಮೂವರು ಕಪ್ಪು ಕಾರ್ಮಿಕರಿಗೆ ಬಡ್ತಿ ದೊರೆತುದನ್ನು ಸಹಿಸದೆ ಸುಮಾರು 25,000 ಬಿಳಿಯ ಕಾರ್ಮಿಕರು ಕೆಲಸ ತೊರೆದು ಹೊರನಡೆದದ್ದು ಇದೇ ಅಂಗಳದಿಂದ ಎಂಬುದನ್ನು ಮಾತ್ರ ಅವು ಹೇಳಲಾರವು.

ಉತ್ಪಾದ, ವ್ಯಯ, ಧ್ರೌವ್ಯ ಈ ಮೂರೂ ಕೂಡಿದುದೇ ಸತ್ ಎನ್ನುತ್ತದೆ ಜೈನ ದರ್ಶನ. ಪಾಳನ್ನು ಕಂಡು ಎಲ್ಲವೂ ಅನಿತ್ಯವೆಂದು ನಿಟ್ಟುಸಿರಿಡುವವರು ವ್ಯಯವೊಂದನ್ನೇ ಕಾಣುತ್ತಾರೆ. ಗೋಡೆ ಬಿದ್ದ ಮಾತ್ರಕ್ಕೆ ಅಲ್ಲಿ ನಡೆದ ಅನ್ಯಾಯ ನಡೆಯದಂತಾಗುವುದಿಲ್ಲ. 2022ರಲ್ಲಿ ಆರಂಭವಾದ ನೆಲಸಮ ಕಾರ್ಯ 2024ರ ವೇಳೆಗೆ ಬಹುಪಾಲು ಮುಗಿದಿದೆ. ಆ ಬಯಲಿನಲ್ಲಿ ಎಂದಾದರೂ ಸ್ಮಾರಕಫಲಕವೊಂದು ನಿಲ್ಲುವುದಾದರೆ, ಒಡೆಯರ ಮತ್ತು ಶಿಲ್ಪಿಯ ಹೆಸರುಗಳ ಪಕ್ಕದಲ್ಲಿ ಆ ಮೂವರು ಕಾರ್ಮಿಕರಿಗೂ ಒಂದು ಸಾಲು ಮೀಸಲಿರಬೇಕು.